ಒಂದು ತಪ್ಪಿಗೆ 0.1: ಅಮೆರಿಕದ ಡ್ರಮ್ ಕೋರ್ ಕಥೆ

(1/6)
ಡ್ರಮ್ ಕಾಂಪಿಟಿಷನ್ ನೋಡೋಕೆ ಹೋದ್ರೆ ನಾವು ಏನು ಮಾಡ್ತೀವಿ ಹೇಳಿ? ಮೊದಲ ಏಟಿಗೇ ಮೊಬೈಲ್ ಎತ್ತುತ್ತೀವಿ, ನಮ್ಮ ಕಾಲೇಜಿನ ಟೀಮ್ ಬಂದ್ರೆ ಗಂಟಲು ಕಿತ್ತುಹೋಗೋ ಹಾಗೆ ಕೂಗ್ತೀವಿ, ರಿಸಲ್ಟ್ ಬಂದ ಮೇಲೆ "ಮೋಸ ಗುರು" ಅಂತ ಬೈಕೊಂಡು ಮನೆಗೆ ಹೋಗ್ತೀವಿ. ಜಡ್ಜ್ ಕೈಯಲ್ಲಿದ್ದ ಶೀಟಲ್ಲಿ ಯಾವ ಯಾವ ಕಾಲಂ ಇತ್ತು ಅಂತ ಒಬ್ಬರೂ ಕೇಳಲ್ಲ. ಒಂದು ಅಂತರಕಾಲೇಜು ಡೊಳ್ಳು ಸ್ಪರ್ಧೆಯಲ್ಲಿ ನಾನು ವಾಲಂಟಿಯರ್ ಆಗಿ ಶೀಟ್ ಸೇರಿಸೋ ಕೆಲಸ ಮಾಡಿದೀನಿ. ಆವತ್ತಿಂದ ನನ್ನ ಕಣ್ಣು ಮೊದಲು ಹೋಗೋದು ಆ ಕಾಲಂಗಳ ಕಡೆಗೇ. ಬಿಕಾಂ ಬುದ್ಧಿ, ಏನು ಮಾಡೋದು.

ಆ ಹುಚ್ಚಿನಲ್ಲೇ ಸಿಕ್ಕಿದ್ದು ಅಮೆರಿಕದ ಡ್ರಮ್ ಕೋರ್ ಇತಿಹಾಸ. ಪೂರ್ತಿ ಹೆಸರು ಡ್ರಮ್ ಆಂಡ್ ಬ್ಯೂಗಲ್ ಕೋರ್. ನಮ್ಮ ಎನ್‌ಸಿಸಿ ಕ್ಯಾಂಪ್‌ನಲ್ಲಿ ಬೆಳಗ್ಗೆ ಎಬ್ಬಿಸ್ತಾರಲ್ಲ, ಅದೇ ಬ್ಯೂಗಲ್. ಫುಟ್‌ಬಾಲ್ ಮೈದಾನದ ತುಂಬ ನಿಮ್ಮ ವಯಸ್ಸಿನ ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಓಡಾಡ್ತಾ, ಆಕಾರ ಕಟ್ತಾ, ಬಾರಿಸ್ತಾ ಊದ್ತಾ ಹತ್ತು ಹನ್ನೆರಡು ನಿಮಿಷದ ಷೋ ಕೊಡ್ತಾರೆ. ಅವರಿಗೆ ಬೀಳೋ ಅಂಕ 100ಕ್ಕೆ ಇಷ್ಟು ಅಂತ, ದಶಾಂಶದ ಸಮೇತ. ಆ ದಶಾಂಶದ ಹಿಂದೆ ದೊಡ್ಡ ಜಗಳವೇ ಇದೆ.

(2/6)
ಮೊದಲನೇ ಮಹಾಯುದ್ಧ ಮುಗೀತು. ಊರಿಗೆ ವಾಪಸ್ ಬಂದ ಸೈನಿಕರು ಸಂಘ ಕಟ್ಟಿಕೊಂಡರು. 1919ರಲ್ಲಿ ಅಮೆರಿಕನ್ ಲೀಜನ್ ಹುಟ್ಟಿತು. ವಿಎಫ್‌ಡಬ್ಲ್ಯೂ, ಅಂದ್ರೆ ಹೊರದೇಶದ ಯುದ್ಧಗಳಲ್ಲಿ ಹೋರಾಡಿದವರ ಸಂಘ, ಅದಕ್ಕಿಂತ ಹಳೇದು. ಊರೂರಲ್ಲಿ ಇವರ ಶಾಖೆ, ಶಾಖೆಗೊಂದು ಡ್ರಮ್ ಮೇಳ. ಆಮೇಲೆ ಚರ್ಚ್‌ಗಳು, ಸ್ಕೌಟ್ ದಳಗಳು, ಬಡಾವಣೆಗಳು ಮಕ್ಕಳ ತಂಡ ಕಟ್ಟಿದವು. ಬೇಸಿಗೆಯಲ್ಲಿ ಬೀದೀಲಿ ಅಲೆಯೋ ಮಕ್ಕಳಿಗೆ ಒಂದು ಕೆಲಸ ಕೊಟ್ಟಂಗೂ ಆಯ್ತು, ಊರಿಗೆ ಮೆರವಣಿಗೆ ಮೇಳ ಸಿಕ್ಕಂಗೂ ಆಯ್ತು.

ಮೇಳ ಅಂದ ಮೇಲೆ ಪಕ್ಕದ ಊರಿನ ಜೊತೆ ಪೈಪೋಟಿ ಇರಲೇಬೇಕಲ್ಲ. ಸ್ಪರ್ಧೆ ಶುರುವಾಯ್ತು. ಸ್ಪರ್ಧೆ ನಡೆಸೋರು ಮಾಜಿ ಸೈನಿಕರು, ಹಾಗಾಗಿ ನಿಯಮಗಳೂ ಪರೇಡ್ ಮೈದಾನದಿಂದಲೇ ಬಂದವು. ಷೋಗೆ ಮುಂಚೆ ಇನ್‌ಸ್ಪೆಕ್ಷನ್, ಬೂಟಿನ ಪಾಲಿಷ್‌ನಿಂದ ಗುಂಡಿವರೆಗೆ. ಷೋ ನಡುವೆ ರಾಷ್ಟ್ರಧ್ವಜಕ್ಕೆ ಗೌರವ ಕಡ್ಡಾಯ. ಸಮಯ ಮುಗಿದ ಗುರುತಿಗೆ ಪಿಸ್ತೂಲಿನ ಸದ್ದು!

(3/6)
ಈಗ ಟಿಕ್ ವಿಷಯಕ್ಕೆ ಬರೋಣ. ನಾನು ಈ ಸೀರೀಸ್ ಬರೆಯೋಕೆ ಕೂತಿದ್ದೇ ಇದಕ್ಕೆ.

ವಾದನದ ಶುದ್ಧತೆಗೆ, ನಡಿಗೆಯ ಶಿಸ್ತಿಗೆ ಅಂತ ಮೀಸಲಾದ ಅಂಕ ಇರುತ್ತಿತ್ತು. ಆ ವಿಭಾಗದಲ್ಲಿ ತಂಡಕ್ಕೆ ಮೊದಲೇ ಪೂರ್ತಿ ಅಂಕ ಕೊಟ್ಟುಬಿಡ್ತಿದ್ರು. ಆಮೇಲೆ ಜಡ್ಜ್ ಒಬ್ಬ ಕ್ಲಿಪ್‌ಬೋರ್ಡ್ ಹಿಡ್ಕೊಂಡು ಮೈದಾನದೊಳಗೇ ಇಳಿಯೋನು. ಸಾಲಿನ ಪಕ್ಕ ನಡೀತಾ, ಡ್ರಮ್ ಹತ್ರ ಕಿವಿ ಕೊಟ್ಟು, ಒಬ್ಬನ ಕೋಲು ಕೂದಲೆಳೆ ತಡವಾಗಿ ಬಿತ್ತಾ, ಪೆನ್ಸಿಲ್‌ನಿಂದ ಒಂದು ಗೀಟು. ಒಬ್ಬಳ ಹೆಜ್ಜೆ ಸಾಲು ಬಿಟ್ಟು ಹೊರಗೆ ಬಂತಾ, ಇನ್ನೊಂದು ಗೀಟು. ಒಂದು ಗೀಟು, ಅಂದ್ರೆ ಒಂದು ಟಿಕ್, 0.1 ಅಂಕ ಕಟ್. ತಂಡ ಏನು ಗಳಿಸಿತು ಅನ್ನೋದಕ್ಕೆ ಅಲ್ಲಿ ಜಾಗ ಇಲ್ಲ, ಎಷ್ಟು ಕಳ್ಕೊಳ್ತು ಅಷ್ಟೇ. ಬರೀ ಡೆಬಿಟ್ ಕಡೆ ಮಾತ್ರ ಇರೋ ಲೆಡ್ಜರ್ ಊಹಿಸ್ಕೊಳ್ಳಿ.

ಈ ಶೀಟ್ ಮುಂದೆ ನೀವು ಟೀಮ್ ಮಾಸ್ಟರ್ ಆಗಿದ್ರೆ ಏನು ಮಾಡ್ತಿದ್ರಿ? ಕಷ್ಟದ ಲಯ ಬಾರಿಸಿ ತಪ್ಪಿದರೂ 0.1, ಸುಲಭದ ಲಯ ತಪ್ಪಿದರೂ 0.1. ಹೊಸದನ್ನ ಸೇರಿಸೋ ಬದಲು, ಇರೋದನ್ನೇ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಕ್ಲೀನ್ ಮಾಡ್ತಿದ್ರಿ. ಅವರೂ ಅದನ್ನೇ ಮಾಡಿದ್ರು. ನೇರ ಸಾಲು, ಚೌಕ, ಎಡಕ್ಕೊಂದು ಆಕಾರ ಕಟ್ಟಿದರೆ ಬಲಕ್ಕೂ ಅದರದೇ ಕನ್ನಡಿ ಪ್ರತಿ. ಜಡ್ಜ್‌ಗೆ ನೇರ ಸಾಲು ಅಳೆಯೋದು ಸುಲಭ, ಮಕ್ಕಳಿಗೂ ನೇರ ಸಾಲಲ್ಲಿ ನಿಲ್ಲೋದು ಸುಲಭ.

ಆದ್ರೂ ಟಿಕ್ ಪದ್ಧತಿ ಬಗ್ಗೆ ನನಗೆ ಸ್ವಲ್ಪ ಮರ್ಯಾದೆ ಇದೆ. ಲೆಕ್ಕ ಕೇಳಬಹುದಿತ್ತು. ಯಾಕೆ ಸೋತ್ವಿ ಅಂದ್ರೆ "ಸ್ನೇರ್ ವಿಭಾಗದಲ್ಲಿ ಇಷ್ಟು ಟಿಕ್" ಅನ್ನೋ ಉತ್ತರ ಕಾಗದದ ಮೇಲೆ ಇರ್ತಿತ್ತು. "ಒಟ್ಟಾರೆ ಇಂಪ್ಯಾಕ್ಟ್ ಸಾಲದು" ಅನ್ನೋ ಗಾಳಿಮಾತಿಗಿಂತ ಎಷ್ಟೋ ವಾಸಿ.

(4/6)
1971. ವಿಯೆಟ್ನಾಂ ಯುದ್ಧ ನಡೀತಾ ಇದೆ, ಹುಡುಗರು ಕೂದಲು ಬಿಟ್ಟಿದ್ದಾರೆ, ಆದರೆ ಸ್ಪರ್ಧೆಯ ನಿಯಮಗಳಲ್ಲಿ ಇನ್ನೂ ಪರೇಡ್ ವಾಸನೆ. ಆ ವರ್ಷ ನ್ಯೂಜೆರ್ಸಿಯ ಗಾರ್ಫೀಲ್ಡ್ ಕೆಡೆಟ್ಸ್ ಅನ್ನೋ ತಂಡ ಯುದ್ಧ ಸಾಕು ಅನ್ನೋ ವಸ್ತು ಇಟ್ಕೊಂಡು ಮೈದಾನದ ಮೇಲೆ ಶಾಂತಿ ಚಿಹ್ನೆ ಕಟ್ಟಿತು. ಸೈನಿಕರ ಸಂಘಗಳು ಬೆಳೆಸಿದ ಕಲೆಯಲ್ಲಿ! ಧೈರ್ಯ ನೋಡಿ.

ಅದೇ ವರ್ಷ ಇನ್ನೊಂದು ದಂಗೆಯೂ ಆಯ್ತು. ಇದು ದುಡ್ಡಿಂದು, ಅಧಿಕಾರದ್ದು. ದೂರದಿಂದ ಬಸ್ ಮಾಡ್ಕೊಂಡು ಬರೋದು ತಂಡಗಳು, ಟಿಕೆಟ್ ತಗೊಂಡು ಜನ ಬರೋದು ಅವರನ್ನ ನೋಡೋಕೆ. ಆದರೆ ನಿಯಮ ಯಾರದು, ಬಹುಮಾನ ಎಷ್ಟು, ಜಡ್ಜ್ ಯಾರು ಅಂತ ತೀರ್ಮಾನ ಮಾಡೋದು ಬೇರೆಯವರು. ಕ್ಯಾವಲಿಯರ್ಸ್, ಟ್ರೂಪರ್ಸ್, ಮ್ಯಾಡಿಸನ್ ಸ್ಕೌಟ್ಸ್, ಬ್ಲೂ ಸ್ಟಾರ್ಸ್, ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ಅನ್ನೋ ಐದು ತಂಡಗಳು ಒಟ್ಟಾಗಿ "ಕಂಬೈನ್" ಅಂತ ಗುಂಪು ಕಟ್ಟಿದವು. ಷೋ ಬೇಕಾ? ಐವರನ್ನೂ ಒಟ್ಟಿಗೆ ಕರೀರಿ, ನಮ್ಮ ಷರತ್ತಿಗೆ ಕರೀರಿ. ಪೂರ್ವ ಕರಾವಳಿಯ ತಂಡಗಳೂ ಇಂಥದ್ದೇ ಒಂದು ಒಕ್ಕೂಟ ಮಾಡ್ಕೊಂಡವು. ಎಕನಾಮಿಕ್ಸ್ ಮೇಡಂ ಇದನ್ನ ಕಾರ್ಟೆಲ್ ಅಂತಾರೆ, ಕಾರ್ಮಿಕ ಸಂಘದವರು ಸಾಮೂಹಿಕ ಚೌಕಾಸಿ ಅಂತಾರೆ. ನಾನು ಎರಡನೇ ಪಾರ್ಟಿ.

ಎರಡೂ ಗುಂಪು ಸೇರಿ ಹುಟ್ಟಿದ್ದೇ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಡಿಸಿಐ. ಮೊದಲ ಚಾಂಪಿಯನ್‌ಷಿಪ್ ಆಗಸ್ಟ್ 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್ ಅನ್ನೋ ಸಣ್ಣ ಊರಲ್ಲಿ. ತಮಾಷೆ ಏನಂದ್ರೆ ಗೆದ್ದಿದ್ದು ಆ ಐವರಲ್ಲಿ ಯಾರೂ ಅಲ್ಲ, ಕ್ಯಾಲಿಫೋರ್ನಿಯಾದ ಅನಹೈಮ್ ಕಿಂಗ್ಸ್‌ಮೆನ್.

(5/6)
ಗಲ್ಲಾಪೆಟ್ಟಿಗೆ ಕೈಗೆ ಬಂದ ಮೇಲೆ ನಿಯಮದ ಪುಸ್ತಕವೂ ಕೈಗೆ ಬಂತು. ಇನ್‌ಸ್ಪೆಕ್ಷನ್ ಹೋಯ್ತು, ಧ್ವಜದ ಕಡ್ಡಾಯವೂ ಕ್ರಮೇಣ ಹೋಯ್ತು. ವಾದ್ಯಗಳ ಕಥೆ ಇನ್ನೂ ಮಜಾ. ಎಪ್ಪತ್ತರ ದಶಕದಲ್ಲಿ ಟಿಂಪನಿ ಅನ್ನೋ ಕಡಾಯಿಯಂಥ ಡ್ರಮ್ಮನ್ನ ಹುಡುಗರು ಮೈಗೆ ಕಟ್ಕೊಂಡು ನಡೀತಿದ್ರು. ಒಬ್ಬೊಬ್ಬನಿಗೆ ಒಂದೊಂದು, ಒಂದೊಂದರದ್ದು ಬೇರೆ ಶ್ರುತಿ. ಬೆನ್ನು ಏನಾಗಿರಬೇಡ! 1982ರಲ್ಲಿ ಮೈದಾನದ ಮುಂಭಾಗದಲ್ಲಿ ವಾದ್ಯ ನೆಲಕ್ಕಿಟ್ಟು ಬಾರಿಸಬಹುದು ಅಂತಾಯ್ತು. ಬಾಸ್ ಡ್ರಮ್‌ನವರು ಇವತ್ತಿಗೂ ಹೊತ್ತುಕೊಂಡೇ ನಡೀತಾರೆ. ಅವರದ್ದು ನೋಡಲೇಬೇಕು: ಒಂದು ವಾಕ್ಯವನ್ನ ಐದು ಜನ ಅಕ್ಷರ ಅಕ್ಷರ ಹಂಚ್ಕೊಂಡು ಓದಿದ ಹಾಗೆ, ಒಂದೇ ಲಯವನ್ನ ಸಾಲಿನ ಈ ತುದಿಯಿಂದ ಆ ತುದಿಗೆ ಹಂಚಿ ಬಾರಿಸ್ತಾರೆ. ಒಬ್ಬ ತಪ್ಪಿದ್ರೆ ವಾಕ್ಯವೇ ಮುರಿಯುತ್ತೆ.

1983ರಲ್ಲಿ ಅದೇ ಗಾರ್ಫೀಲ್ಡ್ ಕೆಡೆಟ್ಸ್, ಡ್ರಿಲ್ ವಿನ್ಯಾಸಕ ಜಾರ್ಜ್ ಜಿಂಗಾಲಿ ಜೊತೆ ಸೇರಿ, ಕನ್ನಡಿ ಪ್ರತಿಯ ಆಟ ಬಿಟ್ಟು ಬಾಗಿ ಬಳುಕೋ ಆಕಾರಗಳನ್ನ ತಂದರು. ಸಾಲುಗಳು ಹಾವಿನ ಹಾಗೆ ಸುತ್ತುತ್ತವೆ, ನೋಡನೋಡುತ್ತಿದ್ದಂತೆ ಆಕಾರ ಕರಗಿ ಇನ್ನೊಂದಾಗುತ್ತೆ. ಬಳುಕೋ ಸಾಲಲ್ಲಿ "ಈ ಹುಡುಗ ಅರ್ಧ ಅಡಿ ಆಚೆ ಇದಾನೆ" ಅಂತ ಹೇಳೋಕೆ ಜಡ್ಜ್ ಯಾವ ಗೆರೆ ಹಿಡ್ಕೊಂಡು ಅಳೀಬೇಕು? ಅವರು ಗೆದ್ದರು, 1984, 1985ರಲ್ಲೂ ಗೆದ್ದರು. 1984ರಲ್ಲಿ ಟಿಕ್ ಪದ್ಧತಿಯನ್ನೇ ಕೈಬಿಟ್ಟರು. ಆಮೇಲಿಂದ ಅಂಕ ಕಳೆಯೋದಲ್ಲ, ಕಟ್ಟೋದು. ಈಗಿನ ಶೀಟಲ್ಲಿ ಒಟ್ಟಾರೆ ಪರಿಣಾಮಕ್ಕೆ 40, ಸಂಗೀತಕ್ಕೆ 30, ದೃಶ್ಯಕ್ಕೆ 30. ಜಡ್ಜ್ ಷೋ ನೋಡ್ತಾ ನೋಡ್ತಾ ರೆಕಾರ್ಡರ್‌ಗೆ ಮಾತಾಡ್ತಾರೆ, ಆ ರೆಕಾರ್ಡಿಂಗ್ ತಂಡದ ಕೈಗೆ ಹೋಗುತ್ತೆ. ಇದು ನಮ್ಮ ಸ್ಪರ್ಧೆಗಳಿಗೂ ಬರ್ಲಿ ಅಂತ ನನ್ನ ಆಸೆ. ಸೋತವರಿಗೆ ಸರ್ಟಿಫಿಕೇಟ್ ಬದಲು ಹತ್ತು ನಿಮಿಷದ ಪ್ರಾಮಾಣಿಕ ಆಡಿಯೋ ಕೊಡಿ ಸಾಕು.

2000ದಿಂದ ಯಾವ ಶ್ರುತಿಯ ಹಿತ್ತಾಳೆ ವಾದ್ಯಕ್ಕೂ ಒಪ್ಪಿಗೆ ಸಿಕ್ತು, 2004ರಲ್ಲಿ ಮೈಕ್, 2009ರಲ್ಲಿ ಸಿಂಥಸೈಸರ್. ಬ್ಯೂಗಲ್ ಹೆಸರಿಗಷ್ಟೇ ಉಳೀತು. 2014ರಲ್ಲಿ ಬ್ಲೂ ಡೆವಿಲ್ಸ್ ತಂಡ 99.65 ಪಡೀತು.

(6/6)
ಇಲ್ಲಿಗೆ ಮುಗಿಸಿದ್ರೆ ಖುಷಿ ಕಥೆ. ಆದರೆ ಬ್ಯಾಲೆನ್ಸ್ ಷೀಟಿನ ಇನ್ನೊಂದು ಕಡೆ ತೋರಿಸದೆ ಇರೋಕಾಗಲ್ಲ.

ದೇಶ ಸುತ್ತೋ ಟೂರ್ ಅಂದ್ರೆ ಬಸ್ಸು, ಊಟದ ಲಾರಿ, ವಾದ್ಯದ ಲಾರಿ, ಟೀಚರ್‌ಗಳು. ರಾತ್ರಿ ಯಾವುದೋ ಸ್ಕೂಲಿನ ಜಿಮ್ ನೆಲದ ಮೇಲೆ ನಿದ್ದೆ. ಇಷ್ಟಕ್ಕೆ ಒಬ್ಬೊಬ್ಬ ಸದಸ್ಯ ಒಂದು ಬೇಸಿಗೆಗೆ ಸಾವಿರಾರು ಡಾಲರ್ ಫೀಸು ಕಟ್ಟಬೇಕು. 22 ದಾಟಿದರೆ ಹೊರಗೆ. ಚರ್ಚ್ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಪ್ರಾಕ್ಟೀಸ್ ಮಾಡಿ, ಶನಿವಾರ ಪಕ್ಕದ ಊರಿನ ಸ್ಪರ್ಧೆಗೆ ಹೋಗಿ ಬರ್ತಿದ್ದ ಬಡಾವಣೆ ತಂಡಗಳು ಈ ಖರ್ಚಿನ ಓಟದಲ್ಲಿ ಉಳೀಲಿಲ್ಲ. ಒಂದು ಕಾಲಕ್ಕೆ ನೂರಾರು ಇದ್ದವು, ಈಗ ಡಜನ್ ಲೆಕ್ಕದಲ್ಲಿ ಎಣಿಸಬಹುದು. ಮೊದಲ ಚಾಂಪಿಯನ್ ಕಿಂಗ್ಸ್‌ಮೆನ್ ಎಂಬತ್ತರ ದಶಕದಲ್ಲೇ ಮುಚ್ಚಿಹೋಯ್ತು. ಶಾಂತಿ ಚಿಹ್ನೆ ಕಟ್ಟಿದ, ಟಿಕ್ ಕಾಲದ ಡ್ರಿಲ್ ಮುರಿದ ಕೆಡೆಟ್ಸ್ 1934ರಲ್ಲಿ ಹುಟ್ಟಿದ್ದು, 2024ರಲ್ಲಿ ಬಾಗಿಲು ಹಾಕಿತು. ಕೋರ್ಟ್ ಕೇಸಿನ ಭಾರ, ಖಾಲಿ ಖಜಾನೆ.

ದಂಗೆ ಎದ್ದವರ ಮನೆಯಲ್ಲೇ ಮತ್ತೆ ದಂಗೆ ಕೂಡ ಆಯ್ತು. 2010ರಲ್ಲಿ ಏಳು ದೊಡ್ಡ ತಂಡಗಳು ಡಿಸಿಐ ಮುಂದೆ ಒಂದು ಪ್ರಸ್ತಾವ ಇಟ್ಟವು: ಜನ ಬರೋದು ನಮ್ಮನ್ನ ನೋಡೋಕೆ, ಹಿಡಿತವೂ ಆದಾಯವೂ ನಮಗೆ ಜಾಸ್ತಿ ಬೇಕು. 1971ರ ವಾದವೇ, ಅಕ್ಷರಶಃ. ಆಗ ಎದುರಿಗಿದ್ದದ್ದು ಸೈನಿಕರ ಸಂಘ, ಈಗ ಎದುರಿಗಿದ್ದದ್ದು ಸಣ್ಣ ತಂಡಗಳು. ಪ್ರಸ್ತಾವ ಬಿದ್ದುಹೋಯ್ತು. 1971ರಲ್ಲಿ ಐವರ ಪರ ನಿಂತ ನಾನು ಇಲ್ಲಿ ಏಳು ಜನರ ಪರ ನಿಲ್ಲಲ್ಲ. ಸಣ್ಣವರು ಹೋದರೆ ಮುಂದಿನ ಹುಡುಗ ಮೊದಲ ಕೋಲು ಹಿಡಿಯೋದು ಎಲ್ಲಿ?

ಹೋಮ್‌ವರ್ಕ್ ಇದೆ. ಗಾರ್ಫೀಲ್ಡ್ ಕೆಡೆಟ್ಸ್‌ನ 1984ರ ಷೋ ಹುಡುಕಿ, ವೆಸ್ಟ್ ಸೈಡ್ ಸ್ಟೋರಿ ಸಂಗೀತದ್ದು, ಟಿಕ್ ಇಲ್ಲದ ಮೊದಲ ವರ್ಷದ್ದು. ಎರಡು ಸಲ ನೋಡಿ. ಮೊದಲ ಸಲ ಪೆನ್ಸಿಲ್ ಹಿಡಿದು ತಪ್ಪು ಕಂಡಲ್ಲೆಲ್ಲ ಗೀಟು ಹಾಕಿ, 100ರಿಂದ ಕಳೀರಿ. ಎರಡನೇ ಸಲ ಪೆನ್ಸಿಲ್ ಪಕ್ಕಕ್ಕಿಟ್ಟು ನೋಡಿ, ನಿಮಗೆ ತೋಚಿದ ಅಂಕ ಕೊಡಿ. ಎರಡೂ ನಂಬರ್ ಕಾಮೆಂಟಲ್ಲಿ ಹಾಕಿ. ನನ್ನವು: 94.2, 98.