ಮನೆ ವೈರಿಂಗ್: ಒಂದು ಸರ್ಕ್ಯೂಟ್‌ಗೆ ಎಷ್ಟು ಸಾಕೆಟ್

ಮನೆಯ ಕರೆಂಟನ್ನು ಹಂಚುವ ಡಿಬಿ ಪೆಟ್ಟಿಗೆಯ ಒಂದೊಂದು ಎಂಸಿಬಿಯಿಂದ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹೊರಟು ಕೆಲವು ಪಾಯಿಂಟ್‌ಗಳಿಗೆ ಕರೆಂಟ್ ಒಯ್ಯುವ ತಂತಿಗಳ ದಾರಿಯೇ ಸರ್ಕ್ಯೂಟ್. ಖಾಲಿ ಸಾಕೆಟ್ ಕರೆಂಟ್ ಎಳೆಯುವುದಿಲ್ಲ. ಹಾಗಾಗಿ ಸಾಕೆಟ್‌ಗಳನ್ನು ಎಣಿಸುವುದಕ್ಕಿಂತ, ಯಾವ ಯಾವ ಉಪಕರಣ ಒಟ್ಟಿಗೆ, ಎಷ್ಟು ಹೊತ್ತು ಓಡುತ್ತವೆ ಎಂದು ಮೊದಲು ಕೇಳಬೇಕು.

ಭಾರತದ ಐಎಸ್ 732 ಮಾನಕದಿಂದ ಬಂದ ರೂಢಿಯಂತೆ ದೀಪ, ಫ್ಯಾನ್, ಸಣ್ಣ ಸಾಕೆಟ್ ಎಲ್ಲ ಸೇರಿ ಒಂದು ಲೈಟಿಂಗ್ ಸರ್ಕ್ಯೂಟ್‌ಗೆ 10 ಪಾಯಿಂಟ್, 800 ವ್ಯಾಟ್ ಮಿತಿ. ದೊಡ್ಡ ಪವರ್ ಸಾಕೆಟ್‌ಗಳಾದರೆ ಎರಡೇ. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯೊಂದೇ ಲೈಟಿಂಗ್ ಮಿತಿಯನ್ನು ದಾಟುತ್ತದೆ. ಅದಕ್ಕೆ ಪವರ್ ಪಾಯಿಂಟೇ ಬೇಕು.

ಲೆಕ್ಕ ನಿಜವಾಗಿ ಬಿಗಿಯಾಗುವುದು ಅಡುಗೆಮನೆಯಲ್ಲಿ. 230 ವೋಲ್ಟ್‌ನಲ್ಲಿ 16 ಆಂಪಿಯರ್ ಎಂಸಿಬಿಯ ಮಿತಿ 3680 ವ್ಯಾಟ್. 2000 ವ್ಯಾಟ್‌ನ ಇಂಡಕ್ಷನ್ ಒಲೆ, 1500ರ ಕೆಟಲ್, 1200ರ ಮೈಕ್ರೋವೇವ್ ಒಂದೇ ಸರ್ಕ್ಯೂಟ್‌ನಲ್ಲಿ ಓಡಿದರೆ ಸುಮಾರು 20 ಆಂಪಿಯರ್ ಹರಿಯುತ್ತದೆ. ಆಗ ಎಂಸಿಬಿ ತಕ್ಷಣ ಬೀಳುತ್ತದೆಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಗೊತ್ತುಪಡಿಸಿದ ಕರೆಂಟಿನ 1.13 ಪಟ್ಟಿನವರೆಗೆ ಅದು ಒಂದು ಗಂಟೆಯೊಳಗೆ ಬೀಳಕೂಡದು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಇಪ್ಪತ್ತು ಆಂಪಿಯರ್ ಇವೆರಡರ ನಡುವೆ ಬರುವುದರಿಂದ ಎಂಸಿಬಿ ಬೀಳುವವರೆಗೆ ತಂತಿ ಬಿಸಿಯಾಗುತ್ತಲೇ ಇರುತ್ತದೆ. ಸಡಿಲ ಸ್ಕ್ರೂ ಇರುವ ಸಾಕೆಟ್ ಕಪ್ಪಾಗುವುದೂ ಇಂಥ ಹೊತ್ತಿನಲ್ಲೇ. ಪದೇ ಪದೇ ಬೀಳುತ್ತಿದೆಯೆಂದು 2.5 ಚದರ ಮಿ.ಮೀ. ತಂತಿಯನ್ನು ಹಾಗೇ ಬಿಟ್ಟು 32 ಆಂಪಿಯರ್ ಎಂಸಿಬಿ ಹಾಕುವುದು ಬೆಂಕಿಗೆ ದಾರಿ ಮಾಡಿದಂತೆ. ಕಾವಲು ತಂತಿಗೆ, ಉಪಕರಣಕ್ಕಲ್ಲ.

ಎಲ್ಲ ದೇಶಗಳೂ ಒಂದೇ ರೀತಿ ಎಣಿಸುವುದಿಲ್ಲ. ಬ್ರಿಟನ್ನಿನಲ್ಲಿ 32 ಆಂಪಿಯರ್‌ನ ಉಂಗುರ ಸರ್ಕ್ಯೂಟ್ 100 ಚದರ ಮೀಟರ್ ನೆಲಕ್ಕೆ ಸಾಕೆಟ್‌ಗಳ ಮಿತಿಯಿಲ್ಲದೆ ಸಲ್ಲುತ್ತದೆ. ಅಲ್ಲಿನ ಪ್ಲಗ್ಗಿನಲ್ಲೇ ಫ್ಯೂಸ್ ಇರುತ್ತದೆ. ಅಮೆರಿಕದ ಸಂಹಿತೆ ಮನೆಗಳ ಸಾಮಾನ್ಯ ಸಾಕೆಟ್‌ಗಳಿಗೆ ಸಂಖ್ಯೆಯ ಮಿತಿ ಹಾಕದೆ, ವಾಣಿಜ್ಯ ಕಟ್ಟಡಗಳಲ್ಲಿ ಒಂದಕ್ಕೆ 180 ವೋಲ್ಟ್‌ಆಂಪಿಯರ್ ಲೆಕ್ಕ ಹಿಡಿಯುತ್ತದೆ.

ನಮ್ಮ ಮನೆಗಳಲ್ಲಿ ಗೀಸರ್, ಏಸಿ, ಇಂಡಕ್ಷನ್ ಒಲೆಗೆ ಒಂದೊಂದು ಪ್ರತ್ಯೇಕ ಸರ್ಕ್ಯೂಟ್ ಕೊಡುವುದು ಒಳ್ಳೆಯದು. ಸಾಕೆಟ್ ಸರ್ಕ್ಯೂಟ್‌ಗಳಿಗೆ ಕರೆಂಟ್ ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ರಕ್ಷಣೆಯೂ ಬೇಕು. ಗೋಡೆಗೆ ಗಾರೆ ಬೀಳುವ ಮೊದಲೇ ಡಿಬಿಯಲ್ಲಿ ಎರಡು ಮೂರು ಜಾಗ ಖಾಲಿ ಬಿಟ್ಟು, ಅಡುಗೆಮನೆಗೆ ಒಂದು ಹೆಚ್ಚುವರಿ ಪೈಪ್ ಎಳೆದಿಟ್ಟರೆ, ಮುಂದೆ ಹೊಸ ಸರ್ಕ್ಯೂಟ್ ಸೇರಿಸಲು ಗೋಡೆ ಕೊರೆಯಬೇಕಾಗುವುದಿಲ್ಲ.