ತಿಥಿಗೆ ಬಾರದ ನವಿಲುಕೋಸು

ನಮ್ಮತ್ತೆಯವರಿಗೆ ನವಿಲುಕೋಸೆಂದರೆ ಪ್ರಾಣ. ತೊಗರಿಬೇಳೆಯ ಜೊತೆ ಬೇಯಿಸಿ, ಕಾಯಿ ರುಬ್ಬಿ ಹಾಕಿ ಹುಳಿ ಮಾಡಿದರೆ ಅಂದು ಒಂದು ಹಿಡಿ ಅನ್ನ ಹೆಚ್ಚಿಗೆ. ಎಳೆಯ ಎಲೆಯನ್ನೂ ಬಿಸಾಡಗೊಡುತ್ತಿರಲಿಲ್ಲ. ಸಣ್ಣಗೆ ಹೆಚ್ಚಿ ಪಲ್ಯಕ್ಕೆ ಸೇರಿಸಬೇಕು. ಆದರೆ ಮಾವನವರ ತಿಥಿ ಬಂತೆಂದರೆ ಅಡುಗೆಮನೆಯಿಂದ ಅದು ಮಾಯ. ಆಲೂಗೆಡ್ಡೆ, ಟೊಮೆಟೊ, ಹೂಕೋಸಿಗೂ ಅದೇ ಗತಿ. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆಗಷ್ಟೇ ಪ್ರವೇಶ. ಖಾರಕ್ಕೂ ಮೆಣಸಿನಕಾಯಿಯಲ್ಲ, ಕಾಳುಮೆಣಸು.

“ಅವೆಲ್ಲ ಸೀಮೆಯವು ಕಣಮ್ಮ, ಹಿರಿಯರಿಗೆ ಆಗೋದಿಲ್ಲ” ಎನ್ನುತ್ತಿದ್ದರು.

ಹೊಸದಾಗಿ ಬಂದಾಗ ಇದು ಬರೀ ಮಡಿಯ ಹಟವೆಂದುಕೊಂಡಿದ್ದೆ. ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತ ಮಾಡುತ್ತ ಹೊಳೆಯಿತು, ಅತ್ತೆಯವರ ಪಟ್ಟಿಯೇ ಒಂದು ಚರಿತ್ರೆ. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊ ಅಮೆರಿಕ ಖಂಡದವು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ಕಡಲತೀರಕ್ಕೆ ಬಂದ ಮೇಲೆಯೇ ಅವು ನಮ್ಮ ಕಡೆ ಕಾಲಿಟ್ಟದ್ದು. ಕೋಸಿನ ಬಳಗ ಯುರೋಪಿನದು. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಜಾತಿಯ ಸಸ್ಯ. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಹೂ, ಮತ್ತೊಂದರಲ್ಲಿ ಕಾಂಡ ದಪ್ಪಗಾಗುವುದನ್ನೇ ಆರಿಸಿ ಆರಿಸಿ ರೈತರು ಬೆಳೆಸಿದ ಫಲ. ಇಂದಿಗೂ ನವಿಲುಕೋಸಿನ ಬೀಜದ ಪೊಟ್ಟಣದ ಮೇಲೆ ‘ವೈಟ್ ವಿಯೆನ್ನಾ’, ‘ಪರ್ಪಲ್ ವಿಯೆನ್ನಾ’ ಎಂದು ಆಸ್ಟ್ರಿಯಾದ ರಾಜಧಾನಿಯ ಹೆಸರಿರುತ್ತದೆ.

1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂತು. ದಂಡಿನವರಿಗೆ ತಮ್ಮೂರಿನ ತರಕಾರಿ ಬೇಕು. ಬೆಂಗಳೂರಿನ ತಂಪು ಹವೆ ಅದಕ್ಕೆ ಒಗ್ಗಿತು. 1874ರಿಂದ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮರನ್ ಸೀಮೆಬದನೆಯನ್ನು ಇಲ್ಲಿಗೆ ತಂದರು. ಹೊರಗಿನದಕ್ಕೆಲ್ಲ ‘ಸೀಮೆ’ ಅಂಟಿಸುವುದು ನಮ್ಮವರ ರೂಢಿ. ಮೂವತ್ತು ವರ್ಷ ನಾನು ಕೈಯಲ್ಲಿ ಹಿಡಿದದ್ದೂ ಸೀಮೆಸುಣ್ಣವೇ!

ಇಂಗ್ಲೆಂಡಿನಲ್ಲಿ ನವಿಲುಕೋಸಿಗೆ ‘ಕೋಲ್‌ರಾಬಿ’ ಎಂಬ ಜರ್ಮನ್ ಹೆಸರು. ನಮ್ಮ ದೇಶದ ಇಂಗ್ಲಿಷಿನಲ್ಲಿ ಮಾತ್ರ ‘ನೋಲ್‌ಕೋಲ್’. ಡಚ್ ಭಾಷೆಯಲ್ಲಿ ಮೊದಲ ಭಾಗಕ್ಕೆ ಗೆಡ್ಡೆಯೆಂದೂ ಎರಡನೆಯದಕ್ಕೆ ಕೋಸೆಂದೂ ಅರ್ಥ. ನಮ್ಮ ಕೆಲವರು ಹೇಳುವ ‘ಗೆಡ್ಡೆಕೋಸು’ ಅದರ ಅನುವಾದದಂತೆಯೇ ಇದೆ. ಹಾಗಾದರೆ ನವಿಲೆಲ್ಲಿಂದ ಬಂತು? ‘ನೋಲ್’ ಬಾಯಿಂದ ಬಾಯಿಗೆ ಹೊರಳಿ ನವಿಲಾಗಿರಬೇಕೆಂದು ನನ್ನ ಊಹೆ.

ಗೆಡ್ಡೆಯೆಂಬ ಹೆಸರನ್ನು ನಂಬಿ ನಾನು ಕೆಟ್ಟದ್ದೂ ಉಂಟು. ಮೊದಲ ಸಲ ಹಿತ್ತಲಲ್ಲಿ ಹಾಕಿದಾಗ ಆಲೂಗೆಡ್ಡೆಗೆ ಮಾಡುವಂತೆ ಮಣ್ಣೇರಿಸಿ ಮುಚ್ಚಿಬಿಟ್ಟೆ. ಅರ್ಧಕ್ಕರ್ಧ ಕೊಳೆತವು. “ಅದು ನೆಲದ ಮೇಲೆ ಕೂರೋ ಕಾಯಿ, ಉಸಿರುಕಟ್ಟಿಸಿದ್ದೀಯಲ್ಲೇ” ಎಂದು ಅತ್ತೆಯವರೇ ಕೂತು ಬುಡ ಬಿಡಿಸಿದರು. ನೀವು ಬೆಳೆಸುವುದಾದರೆ ಮಳೆಗಾಲ ಹಿಂದಾಗುವಾಗ ಬೀಜ ಚೆಲ್ಲಿ. ತಿಂಗಳ ಸಸಿಯನ್ನು ಗೇಣಿಗೊಂದರಂತೆ ನೆಡಿ. ಮುಷ್ಟಿಗಾತ್ರ ಮೀರುವ ಮೊದಲೇ ಕೊಯ್ಯಬೇಕು, ಬಿಟ್ಟರೆ ನಾರು. ನೀರು ಒಂದೇ ಸಮ ಇರಲಿ. ಒಣಗಿಸಿ ಒಮ್ಮೆಲೇ ಹುಯ್ದರೆ ಕಾಯಿ ಸೀಳುತ್ತದೆ. ಎಲೆಯಡಿ ಹೇನು ಕಂಡರೆ ನೀರು ರಾಚಿ ತೊಳೆಯುವುದು ಅತ್ತೆಯವರ ಕ್ರಮ.

ಅವರು ಹೋಗಿದ್ದು ಮಾರ್ಗಶಿರದಲ್ಲಿ. ವರ್ಷದ ತಿಥಿಯ ಹೊತ್ತಿಗೆ ಹಿತ್ತಲಲ್ಲಿ ಹದಿನೆಂಟು ನವಿಲುಕೋಸು ಹದವಾಗಿ ನಿಂತಿದ್ದವು. ಅವರಿಗಾಗಿ ಮಾಡುವ ಅಡುಗೆಗೆ ಅವರಿಗೆ ಇಷ್ಟವಾದದ್ದೇ ಇಲ್ಲವೇ? ಹಿಂದಿನ ದಿನ ಕುಡುಗೋಲು ಹಿಡಿದು ಬಹಳ ಹೊತ್ತು ಪಾತಿಯ ಮುಂದೆ ನಿಂತೆ. ಪುರೋಹಿತರನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ, ಕೇಳಲಿಲ್ಲ. ಅತ್ತೆಯವರು ಏನೆನ್ನುತ್ತಿದ್ದರೆಂದು ಮಾತ್ರ ಗೊತ್ತಿತ್ತು. ಕೊಯ್ಯದೆ ಒಳಗೆ ಬಂದೆ. ಬಾಳೆಕಾಯಿ ಪಲ್ಯವೇ ಆಯಿತು.

ಆ ರಾತ್ರಿ ಅಕಾಲದ ಮಳೆ ಹುಯ್ದು ನಾಲ್ಕು ಕಾಯಿ ಸೀಳಿದ್ದವು. ಮಾರನೆಯ ಬೆಳಿಗ್ಗೆ ಅವನ್ನೇ ಮೊದಲು ಕೊಯ್ದು, ಎಳೆಯೆಲೆಯನ್ನೂ ಹೆಚ್ಚಿ ಹಾಕಿ ಹುಳಿ ಮಾಡಿದೆ. ನಮ್ಮ ಮನೆಯವರು ಮಾತಾಡದೆ ಎರಡನೇ ಸಲ ಬಡಿಸಿಕೊಂಡರು.