ಉತ್ತರ ಮೊದಲೇ ಬರೆದಿಟ್ಟ ವಿಚಾರಣೆ

ರಾಯಬಾಗದ ಓಣಿಗಳಲ್ಲಿ ಒಂದು ಕಾಲಕ್ಕೆ ಮಕ್ಕಳು ‘ಸಿಐಡಿ’ ಆಟ ಆಡುತ್ತಿದ್ದರು. ವಯಸ್ಸಿನಲ್ಲಿ ಹಿರಿಯವನು ಎಸಿಪಿ ಪ್ರದ್ಯುಮನ್. ಗಟ್ಟಿಮುಟ್ಟಾದವನು ಬಾಗಿಲು ಒಡೆಯುವ ದಯಾ. ಎಲ್ಲರಿಗಿಂತ ಸಣ್ಣವನು ಯಾವಾಗಲೂ ಆರೋಪಿ. ಅವನನ್ನು ಗೋಡೆಗೆ ನಿಲ್ಲಿಸಿ ಎರಡು ಪ್ರಶ್ನೆ ಕೇಳಿ ಕೆನ್ನೆಗೆ ಒಂದು ಬಾರಿಸಿದರೆ ಮುಗಿಯಿತು, ಅವನು ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಆಟ ಕೆಡುತ್ತದೆ, ನಾಳೆಯಿಂದ ಅವನನ್ನು ಆಟಕ್ಕೆ ಕರೆಯುವುದಿಲ್ಲ.

ಈ ಆಟದ ಮೂಲ ನಮಗೆಲ್ಲ ಗೊತ್ತೇ ಇದೆ. 1998ರ ಜನವರಿಯಲ್ಲಿ ಸೋನಿ ವಾಹಿನಿಯಲ್ಲಿ ಆರಂಭವಾದ ‘ಸಿಐಡಿ’ 2018ರವರೆಗೆ ಎಡೆಬಿಡದೆ ನಡೆಯಿತು. 1949ರವರೆಗೂ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ, ಕನ್ನಡದ ಜೊತೆಗೆ ಮರಾಠಿ, ಉರ್ದು, ಹಿಂದಿಯೂ ಮನೆಮಾತಿನಷ್ಟೇ ಸಲೀಸಾಗಿರುವ ನಮ್ಮ ಗಡಿ ಸೀಮೆಯಲ್ಲಿ ಈ ಹಿಂದಿ ಧಾರಾವಾಹಿಗೆ ಅನುವಾದಕನ ಅಗತ್ಯ ಬೀಳಲಿಲ್ಲ. ಚಿಕ್ಕೋಡಿ, ಅಥಣಿ, ಕುಡಚಿ, ನಿಪ್ಪಾಣಿ ಎಲ್ಲೆಡೆಯೂ ಅದು ಮನೆಯ ಸದಸ್ಯನಂತೆ ಬಂದು ಕುಳಿತಿತು. ಅದರ ಜೊತೆಗೇ ಒಂದು ನಂಬಿಕೆಯೂ ಒಳಗೆ ಬಂತು. ಹಿಡಿದು ತಂದವನಿಗೆ ಸತ್ಯ ಗೊತ್ತಿರುತ್ತದೆ, ಸರಿಯಾಗಿ ವಿಚಾರಿಸಿಕೊಂಡರೆ ಅದು ಹೊರಬರುತ್ತದೆ ಎಂಬ ನಂಬಿಕೆ. ಈ ನಂಬಿಕೆ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ತಿಳಿಯಲು ದೂರದ ಅಮೆರಿಕದ ಒಂದು ಧಾರಾವಾಹಿಯನ್ನೂ ಅದರಿಂದ ಹುಟ್ಟಿದ ಒಂದು ಸೋತ ವಿಡಿಯೊ ಗೇಮನ್ನೂ ನೋಡುವುದು ಉಪಯುಕ್ತ.

ಜನಪ್ರಿಯ ಅಪರಾಧ ಧಾರಾವಾಹಿಗಳನ್ನು ವಿಡಿಯೊ ಗೇಮ್ ಮಾಡುವ ಉದ್ಯಮ ಹಳೆಯದು. 1986ರಲ್ಲೇ ‘ಮಯಾಮಿ ವೈಸ್’ ಗೃಹ ಕಂಪ್ಯೂಟರುಗಳಿಗೆ ಆಟವಾಗಿ ಬಂದಿತ್ತು. 2003ರಲ್ಲಿ ‘ಸಿಎಸ್‌ಐ’, 2006ರಲ್ಲಿ ‘ದಿ ಸೊಪ್ರಾನೋಸ್’, 2007ರಲ್ಲಿ ‘ದಿ ಶೀಲ್ಡ್’ ಬಂದವು. ಕೊನೆಯ ಎರಡನ್ನು ವಿಮರ್ಶಕರು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕಿದರು. ಹೆಸರಿನ ಬಲದಿಂದ ಮಾರಾಟವಾಗುತ್ತದೆ ಎಂಬ ಲೆಕ್ಕಾಚಾರವೇ ಇಂತಹ ಆಟಗಳ ಬಂಡವಾಳ. ಆದರೆ ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಿರೀಕ್ಷೆ ಹುಟ್ಟಿಸಿದ್ದು 2006ರ ‘24: ದಿ ಗೇಮ್’.

‘24’ ಧಾರಾವಾಹಿ ಫಾಕ್ಸ್ ವಾಹಿನಿಯಲ್ಲಿ ಆರಂಭವಾದದ್ದು 2001ರ ನವೆಂಬರ್ 6ರಂದು. ಜೋಯೆಲ್ ಸರ್ನೋ ಮತ್ತು ರಾಬರ್ಟ್ ಕೊಕ್ರನ್ ಅದರ ಸೃಷ್ಟಿಕರ್ತರು. ಒಂದು ವರ್ಷದ 24 ಕಂತುಗಳಲ್ಲಿ ಒಂದೇ ದಿನದ 24 ಗಂಟೆಗಳ ಕಥೆ. ಪರದೆಯ ಮೇಲೆ ಓಡುವ ಗಡಿಯಾರ, ಎಲ್ಲೋ ಸಿಡಿಯಲಿರುವ ಬಾಂಬು, ಅದನ್ನು ತಡೆಯಲು ಯಾವ ಕಾನೂನನ್ನಾದರೂ ಮುರಿಯಬಲ್ಲ ಅಧಿಕಾರಿ ಜಾಕ್ ಬೋವರ್. ಮೊದಲ ಕಂತಿನ ಚಿತ್ರೀಕರಣ ಸೆಪ್ಟೆಂಬರ್ 11ರ ದಾಳಿಗೆ ಮುಂಚೆಯೇ ಮುಗಿದಿತ್ತು. ಆದರೆ ಭಯಗೊಂಡ ಅಮೆರಿಕ ಅದನ್ನು ತನ್ನದೇ ಕಥೆಯೆಂಬಂತೆ ನೋಡಿತು.

ಗೇಮನ್ನು ರೂಪಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಸೋನಿ ಸ್ಟುಡಿಯೊ. ಪ್ಲೇಸ್ಟೇಷನ್ 2ಕ್ಕೆಂದು ತಯಾರಾದ ಈ ಆಟಕ್ಕೆ ಖರ್ಚಿನಲ್ಲಿ ಜಿಪುಣತನ ಮಾಡಿರಲಿಲ್ಲ. ಧಾರಾವಾಹಿಯ ಬರಹಗಾರರಲ್ಲೊಬ್ಬರಾದ ಡಪ್ಪಿ ಡಿಮೀಟ್ರಿಯಸ್ ಕಥೆ ಬರೆದರು. ಧಾರಾವಾಹಿಯ ಸಂಗೀತಗಾರ ಶಾನ್ ಕ್ಯಾಲರಿಯೇ ಸಂಗೀತ ಕೊಟ್ಟರು. ಕೀಫರ್ ಸದರ್‌ಲ್ಯಾಂಡ್ ಸೇರಿದಂತೆ ಮೂಲ ನಟರೇ ದನಿ ಮತ್ತು ಮುಖ ಒದಗಿಸಿದರು. ಎರಡನೆಯ ಮತ್ತು ಮೂರನೆಯ ಸರಣಿಯ ನಡುವೆ ಏನಾಯಿತು ಎಂಬ ಪ್ರೇಕ್ಷಕರ ಕುತೂಹಲಕ್ಕೆ ಉತ್ತರ ಕೊಡುವ ಭರವಸೆಯೂ ಇತ್ತು.

ಆದರೂ ಆಟ ಸಪ್ಪೆಯಾಯಿತು. ಗುರಿಯಿಡುವಾಗ ಕ್ಯಾಮೆರಾ ತೊಡಕಾಗುತ್ತದೆ, ಕಾರು ಓಡಿಸುವ ಭಾಗ ಹಿಂಸೆಯೆನಿಸುತ್ತದೆ ಎಂದು ವಿಮರ್ಶಕರು ದೂರಿದರು. ನೋಟ ಚೆನ್ನಾಗಿದೆ, ಆಟ ಚೆನ್ನಾಗಿಲ್ಲ ಎಂಬುದು ಒಟ್ಟು ಅಭಿಪ್ರಾಯ. ಸರಾಸರಿ ಅಂಕ ನೂರಕ್ಕೆ ಅರವತ್ತರ ಆಸುಪಾಸಿನಲ್ಲಿ ನಿಂತಿತು.

ತಾಂತ್ರಿಕ ದೋಷಗಳಾಚೆಗೆ ಒಂದು ಮೂಲಭೂತ ಕಾರಣವೂ ಇತ್ತು. ಧಾರಾವಾಹಿಯ ಜೀವ ಇದ್ದದ್ದು ಗಡಿಯಾರದಲ್ಲಿ. ಕಳೆದ ನಿಮಿಷ ಮತ್ತೆ ಬಾರದು ಎಂಬ ಆತಂಕವೇ ಅಲ್ಲಿ ಪ್ರೇಕ್ಷಕನನ್ನು ಕಟ್ಟಿಹಾಕುತ್ತಿತ್ತು. ಗೇಮಿನಲ್ಲಿ ಸೋತರೆ ಮತ್ತೆ ಶುರು ಮಾಡಬಹುದು, ಎಷ್ಟು ಸಲವಾದರೂ ಸರಿ. ಬಾಂಬು ಸಿಡಿದರೂ ಏನೂ ಆಗುವುದಿಲ್ಲ, ಗುಂಡಿ ಒತ್ತಿದರಾಯಿತು. ಗಡಿಯಾರ ಬರೀ ಅಲಂಕಾರವಾಯಿತು.

ಆ ಆಟದಲ್ಲಿ ವಿಚಾರಣೆಯ ಭಾಗವೂ ಇತ್ತು. ಬಂಧಿತನನ್ನು ಕುರ್ಚಿಯಲ್ಲಿ ಕೂರಿಸಲಾಗಿದೆ. ಅವನ ಒತ್ತಡ ಏರಿಳಿಯುವುದನ್ನು ತೋರಿಸುವ ಗೆರೆ ಪರದೆಯ ಮೇಲಿದೆ. ಗದರಿಸುವುದು, ಪುಸಲಾಯಿಸುವುದು, ಶಾಂತಗೊಳಿಸುವುದು ಹೀಗೆ ಕೆಲವೇ ಆಯ್ಕೆಗಳು. ಗೆರೆಯನ್ನು ಸರಿಯಾದ ಜಾಗಕ್ಕೆ ತಂದರೆ ಅವನು ಬಾಯಿ ಬಿಡುತ್ತಾನೆ. ತಪ್ಪಿದರೆ ಮತ್ತೊಮ್ಮೆ ಪ್ರಯತ್ನ.

ಮುಸ್ಲಿಮರು ಇಂತಹ ಆಟಗಳ ಬಗ್ಗೆ ಸಾಮಾನ್ಯವಾಗಿ ಎತ್ತುವ ದೂರು ಖಳನಾಯಕನ ಹೆಸರಿನ ಕುರಿತಾದದ್ದು. ಆ ದೂರಿಗೆ ಆಧಾರವಿಲ್ಲದೆ ಇಲ್ಲ. 2005ರಲ್ಲಿ ‘24’ರ ನಾಲ್ಕನೆಯ ಸರಣಿ ನೆರೆಹೊರೆಯ ಸಭ್ಯ ಮುಸ್ಲಿಮ್ ಕುಟುಂಬವೊಂದನ್ನು ಗುಪ್ತ ಭಯೋತ್ಪಾದಕರನ್ನಾಗಿ ಚಿತ್ರಿಸಿತು. ಅಮೆರಿಕದ ಮುಸ್ಲಿಮ್ ಸಂಘಟನೆ ‘ಕೇರ್’ ಪ್ರತಿಭಟಿಸಿತು. ಆ ಬಳಿಕ ಎಲ್ಲ ಮುಸ್ಲಿಮರನ್ನೂ ಹಾಗೆ ಕಾಣಬಾರದೆಂಬ ಸಂದೇಶವನ್ನು ನಾಯಕ ನಟನ ಬಾಯಿಂದಲೇ ಪ್ರಸಾರ ಮಾಡಲಾಯಿತು. ಆದರೆ ಗೇಮಿನ ಖಳ ಪೀಟರ್ ಮ್ಯಾಡ್ಸನ್. ಅವನ ಹೆಸರಿನಲ್ಲಿ ನಮಗೆ ನೋವಾಗುವಂಥದ್ದೇನೂ ಇಲ್ಲ. ಹಾಗೆಂದು ನಾವು ನಿರಾಳವಾಗಿ ಎದ್ದು ಹೋಗಬಹುದೇ? ಕುರ್ಚಿಯಲ್ಲಿ ಕುಳಿತವನ ಹೆಸರು ಬದಲಾಗಬಹುದು, ಕುರ್ಚಿ ಹಾಗೆಯೇ ಉಳಿದಿದೆ. ಆ ಕುರ್ಚಿಯ ಹಿಂದಿನ ತರ್ಕವೇ ನಿಜವಾದ ಅಪಾಯ. ಗೇಮಿನಲ್ಲಿ ಬಂಧಿತನ ಎದೆಯೊಳಗೆ ಉತ್ತರವನ್ನು ಪ್ರೋಗ್ರಾಂ ಬರೆದವರು ಮೊದಲೇ ಇಟ್ಟಿರುತ್ತಾರೆ. ಅವನು ನಿರಪರಾಧಿಯಾಗಿರಲು ಸಾಧ್ಯವೇ ಇಲ್ಲ. ‘ನನಗೆ ಗೊತ್ತಿಲ್ಲ’ ಎಂಬ ಮಾತು ಅಲ್ಲಿ ಸುಳ್ಳಲ್ಲದೆ ಬೇರೇನೂ ಆಗಲಾರದು.

ಇದು ಕೇವಲ ಮನರಂಜನೆ ಎನ್ನುವವರು 2006ರ ನವೆಂಬರಿನ ಒಂದು ಘಟನೆಯನ್ನು ಗಮನಿಸಬೇಕು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಡೀನ್ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನಗನ್ ಅನುಭವಿ ವಿಚಾರಣಾಧಿಕಾರಿಗಳನ್ನು ಜೊತೆಗೆ ಕರೆದುಕೊಂಡು ‘24’ರ ನಿರ್ಮಾಪಕರನ್ನು ಭೇಟಿಯಾದರು. ಚಿತ್ರಹಿಂಸೆ ತಪ್ಪೆಂದು ತಾವು ಪಾಠ ಮಾಡಿದರೂ ತರುಣ ಸೈನಿಕರು ಧಾರಾವಾಹಿಯನ್ನೇ ನಂಬುತ್ತಿದ್ದಾರೆ ಎಂಬುದು ಅವರ ಅಳಲು. ಪತ್ರಕರ್ತೆ ಜೇನ್ ಮೇಯರ್ 2007ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕರ್’ನಲ್ಲಿ ಇದನ್ನು ವಿವರವಾಗಿ ಬರೆದರು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಕೆನಡಾದ ಸಮ್ಮೇಳನವೊಂದರಲ್ಲಿ ಜಾಕ್ ಬೋವರನ ಉದಾಹರಣೆ ಎತ್ತಿಕೊಂಡು ಸಮರ್ಥಿಸಿದರು. ಕಲ್ಪಿತ ಪಾತ್ರವೊಂದು ನ್ಯಾಯಾಧೀಶರ ವಾದದಲ್ಲಿ ಸಾಕ್ಷಿಯಾಗಿ ನಿಂತಿತು. ಕೊನೆಗೆ 2014ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ, ಸಿಐಎ ನಡೆಸಿದ ಕ್ರೂರ ವಿಚಾರಣೆಗಳು ಮಾಹಿತಿ ಪಡೆಯುವ ಪರಿಣಾಮಕಾರಿ ವಿಧಾನವಾಗಿರಲಿಲ್ಲ ಎಂದು ವರದಿ ಕೊಟ್ಟಿತು.

ಇದೆಲ್ಲ ಅಮೆರಿಕದ ಮಾತಾಯಿತು. ನಮ್ಮಲ್ಲೇನಾಯಿತು?

2013ರಲ್ಲಿ ಅನಿಲ್ ಕಪೂರ್ ನಾಯಕತ್ವದಲ್ಲಿ ‘24’ರ ಹಿಂದಿ ಅವತರಣಿಕೆ ಕಲರ್ಸ್ ವಾಹಿನಿಯಲ್ಲಿ ಬಂತು. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ ನಮ್ಮ ರಾಜಧಾನಿಯಲ್ಲಿ ನಿಜವಾದ ಕುರ್ಚಿ ಸಿದ್ಧವಾಗಿತ್ತು. ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಯಿತು. ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದನ್ನು ನರಕ್ಕೆ ಹನಿಸಿ, ಅರೆಪ್ರಜ್ಞೆಯಲ್ಲಿರುವ ಆರೋಪಿಗೆ ಪ್ರಶ್ನೆ ಕೇಳುವ ಪದ್ಧತಿ ಅದು. ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಬೆಂಗಳೂರಿಗೆ ಕರೆತಂದರು.

ಈ ಪರೀಕ್ಷೆಯನ್ನು ಮನೆಮಾತಾಗಿಸಿದ ಹೆಸರು ನಮ್ಮ ಜಿಲ್ಲೆಯದ್ದೇ. ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಕಲಿ ಛಾಪಾ ಕಾಗದದ ಹಗರಣದ ಮುಖ್ಯ ಅಪರಾಧಿ. ಮಂಪರಿನಲ್ಲಿ ತೊದಲುತ್ತಿದ್ದ ಅವನ ದೃಶ್ಯಗಳನ್ನು ಸುದ್ದಿ ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು. ದೇಶ ಧಾರಾವಾಹಿ ನೋಡಿದಂತೆ ನೋಡಿತು. ತೆಲಗಿ ನಿರಪರಾಧಿಯೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಅವನು ಮಾಡಿದ್ದು ದೇಶದ ಬೊಕ್ಕಸಕ್ಕೆ ಕನ್ನ. 2007ರಲ್ಲಿ ಪುಣೆಯ ವಿಶೇಷ ನ್ಯಾಯಾಲಯದ ಮುಂದೆ ಅವನು ತಪ್ಪೊಪ್ಪಿಕೊಂಡ. 13 ವರ್ಷಗಳ ಕಠಿಣ ಶಿಕ್ಷೆಯೂ 202 ಕೋಟಿ ರೂಪಾಯಿ ದಂಡವೂ ಬಿತ್ತು. 2017ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದಾಗಲೇ ತೀರಿಕೊಂಡ. 2023ರಲ್ಲಿ ಅವನ ಕಥೆಯೂ ‘ಸ್ಕ್ಯಾಮ್ 2003’ ಎಂಬ ಸರಣಿಯಾಯಿತು. ಗಮನಿಸಬೇಕಾದ್ದೆಂದರೆ, ಅವನನ್ನು ಶಿಕ್ಷೆಗೆ ಗುರಿಮಾಡಿದ್ದು ನ್ಯಾಯಾಧೀಶರ ಮುಂದೆ ನಡೆದ ಪ್ರಕ್ರಿಯೆ, ಟಿ.ವಿ.ಯಲ್ಲಿ ಕಂಡ ಸೂಜಿಯಲ್ಲ.

ತೆಲಗಿಯ ವಿಷಯದಲ್ಲಿ ಸೂಜಿಗೆ ಚಪ್ಪಾಳೆ ತಟ್ಟಿದವರಿಗೆ ಮಾಲೆಗಾಂವ್ ಒಂದು ಪಾಠ. 2006ರ ಸೆಪ್ಟೆಂಬರ್ 8ರಂದು, ಶಬೇ ಬರಾಅತ್‌ನ ಶುಕ್ರವಾರ, ಅಲ್ಲಿನ ಮಸೀದಿ ಮತ್ತು ಖಬರಸ್ತಾನದ ಬಳಿ ಬಾಂಬುಗಳು ಸಿಡಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಮುಸ್ಲಿಮರು, ಬಂಧಿತರಾದ ಒಂಬತ್ತು ಮಂದಿಯೂ ಮುಸ್ಲಿಮರು. ಅವರ ತಪ್ಪೊಪ್ಪಿಗೆಗಳು ದಾಖಲಾದವು. ಬೆಂಗಳೂರಿಗೂ ಕರೆತಂದು ಮಂಪರು ಪರೀಕ್ಷೆಗೆ ಒಳಪಡಿಸಲಾಯಿತು. ಐದು ವರ್ಷ ಜೈಲಿನಲ್ಲಿದ್ದ ಬಳಿಕ 2011ರಲ್ಲಿ ಜಾಮೀನು ದೊರೆಯಿತು. 2016ರ ಏಪ್ರಿಲ್ 25ರಂದು ಮುಂಬಯಿಯ ವಿಶೇಷ ನ್ಯಾಯಾಲಯ ಅವರನ್ನು ಪ್ರಕರಣದಿಂದ ಕೈಬಿಟ್ಟಿತು. ಆ ಹೊತ್ತಿಗೆ ಅವರಲ್ಲೊಬ್ಬರು ತೀರಿಹೋಗಿದ್ದರು. ಗೇಮಿನಲ್ಲಿ ತಪ್ಪಾದರೆ ಮತ್ತೆ ಶುರು ಮಾಡಬಹುದು. ಈ ಒಂಬತ್ತು ಮಂದಿಗೆ ಯಾವ ಗುಂಡಿ ಒತ್ತಿ ಹತ್ತು ವರ್ಷ ಹಿಂದಿರುಗಿಸುವುದು?

ಕರ್ನಾಟಕದಲ್ಲಿ ಬೆಳೆದ ರೋಗಕ್ಕೆ ಮದ್ದು ಕೂಡ ಕರ್ನಾಟಕದ ಹೆಸರಿನಲ್ಲೇ ಬಂತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಪ್ರಕರಣ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠ ತೀರ್ಪು ಕೊಟ್ಟಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆ, ಮಿದುಳು ನಕಾಶೆ, ಸುಳ್ಳುಪತ್ತೆ ಪರೀಕ್ಷೆಗೆ ಒಳಪಡಿಸುವಂತಿಲ್ಲ. ಹಾಗೆ ಮಾಡುವುದು ಸಂವಿಧಾನದ 20(3)ನೇ ಮತ್ತು 21ನೇ ವಿಧಿಗಳ ಉಲ್ಲಂಘನೆ. ಒಬ್ಬ ಮನುಷ್ಯನನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದು ಎಂಬುದು ಇದರ ಸಾರ.

ಈ ತತ್ವ ನಮಗೆ ಹೊಸದಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪುತ್ತಿರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಮುಂದುವರಿಸಿದೆ. ಮಾಲೆಗಾಂವ್ ಆರೋಪಿಗಳಿಗೆ ಅನ್ವಯಿಸಿದ ‘ಮೋಕಾ’ದಂತಹ ವಿಶೇಷ ಕಾಯ್ದೆಗಳು ಈ ಕಾವಲನ್ನು ಸಡಿಲಿಸಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ನೂ ಹಿಂದೆ ಹೋದರೆ, ಇಸ್ಲಾಮೀ ನ್ಯಾಯಶಾಸ್ತ್ರದಲ್ಲೂ ಈ ಎಚ್ಚರ ಸ್ಪಷ್ಟವಾಗಿದೆ. ಖಲೀಫಾ ಹಾರೂನ್ ರಶೀದರ ಕಾಲದ ಬಗ್ದಾದಿನ ಮುಖ್ಯ ಕಾಝಿ ಇಮಾಮ್ ಅಬೂ ಯೂಸುಫ್ (ಮರಣ ಕ್ರಿ.ಶ. 798) ತಮ್ಮ ‘ಕಿತಾಬುಲ್ ಖರಾಜ್’ ಗ್ರಂಥದಲ್ಲಿ, ಬರೀ ಸಂಶಯದ ಮೇಲೆ ಆರೋಪಿಯನ್ನು ಹೊಡೆಯುವುದನ್ನು ವಿರೋಧಿಸಿದರು. ಪ್ರವಾದಿ(ಸ)ರ ಬಳಿ ಮಾಇಝ್ ಎಂಬವರು ತಾವಾಗಿಯೇ ಬಂದು ಪಾಪವನ್ನು ಒಪ್ಪಿಕೊಂಡಾಗಲೂ ಪ್ರವಾದಿ(ಸ) ಮತ್ತೆ ಮತ್ತೆ ಮುಖ ತಿರುಗಿಸಿದರು. ಅವರ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ವಿಚಾರಿಸಿದರು. ಸ್ವಇಚ್ಛೆಯ ಒಪ್ಪಿಗೆಗೇ ಇಷ್ಟು ಪರಿಶೀಲನೆ ಇದ್ದರೆ ಹೊಡೆದು ಹೇಳಿಸಿದ್ದಕ್ಕೆ ಯಾವ ಬೆಲೆ? ಮುಸ್ಲಿಮ್ ದೊರೆಗಳೆಲ್ಲ ಈ ಆದರ್ಶದಂತೆ ನಡೆದರೆಂದು ಯಾರೂ ಹೇಳಲಾರರು. ಇಂದಿನ ಎಷ್ಟೋ ಮುಸ್ಲಿಮ್ ದೇಶಗಳ ಜೈಲುಗಳೂ ಇದಕ್ಕೆ ಅಪವಾದವೇ. ಆದರ್ಶವನ್ನು ಇನ್ನೊಬ್ಬರ ಮುಂದೆ ಹಿಡಿಯುವಾಗ ಆ ಕನ್ನಡಿ ನಮ್ಮ ಕಡೆಗೂ ತಿರುಗಿರಬೇಕು.

ನಮ್ಮ ದೇಶ ಚಿತ್ರಹಿಂಸೆ ವಿರೋಧಿ ವಿಶ್ವಸಂಸ್ಥೆ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿತು. ಅದಕ್ಕೆ ಪೂರಕವಾದ ಮಸೂದೆಗೆ 2010ರಲ್ಲಿ ಲೋಕಸಭೆಯ ಒಪ್ಪಿಗೆ ಸಿಕ್ಕರೂ ಅದು ಕಾನೂನಾಗಲಿಲ್ಲ. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಪೊಲೀಸ್ ಠಾಣೆಗಳಲ್ಲೂ ಲಾಕಪ್ ಸೇರಿದಂತೆ ಸಿಸಿಟಿವಿ ಅಳವಡಿಸಬೇಕೆಂದು ಆದೇಶಿಸಿತು. ವಿಚಾರಣೆಯ ಕೋಣೆಯಲ್ಲಿ ಕ್ಯಾಮೆರಾ ಇರಬೇಕಾದ್ದು ಈ ಕಾರಣಕ್ಕೆ. ರಂಜಿಸಲು ಬೇಡ, ಕಾಯಲು ಬೇಕು.

‘24: ದಿ ಗೇಮ್’ ಅನ್ನು ಇಂದು ಹೆಚ್ಚಿನವರು ಮರೆತಿದ್ದಾರೆ. ಆಟದ ಡಿಸ್ಕಿನಲ್ಲಿದ್ದ ನಂಬಿಕೆ ಮಾತ್ರ ನಮ್ಮ ಸುದ್ದಿ ವಾಹಿನಿಗಳಲ್ಲಿ, ಚಹಾದಂಗಡಿಯ ಮಾತಿನಲ್ಲಿ ಉಳಿದಿದೆ. ಯಾರನ್ನೋ ಹಿಡಿದರು ಎಂದ ಕೂಡಲೇ ‘ನಾಲ್ಕು ಬಿಗಿದರೆ ಎಲ್ಲಾ ಹೇಳ್ತಾನ ತಗೋ’ ಎನ್ನುವವರು ಎಲ್ಲ ಊರಲ್ಲೂ, ಎಲ್ಲ ಮತಗಳಲ್ಲೂ ಇದ್ದಾರೆ.

ಓಣಿಯ ಆ ಆಟದಲ್ಲಿ ಒಮ್ಮೆ ಗೋಡೆಗೆ ನಿಂತಿದ್ದ ಸಣ್ಣ ಹುಡುಗ ಏಟು ತಿಂದರೂ ಒಪ್ಪಲಿಲ್ಲ. ‘ಖರೇನ ನಂಗೊತ್ತಿಲ್ಲ ಅಣ್ಣಾ’ ಎಂದು ಅಳತೊಡಗಿದ. ಆಟಕ್ಕಾಗಿ ಬಚ್ಚಿಟ್ಟಿದ್ದ ಗೋಲಿ ಎಲ್ಲಿದೆಯೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಸಿಪಿಯಾಗಿದ್ದವನೇ ಅವನ ಕಣ್ಣು ಒರೆಸಿ, ಕೈ ಹಿಡಿದು ಮನೆಗೆ ಬಿಟ್ಟು ಬಂದ.